ಕಿಟಕಿ ಇರುವುದು ತೆರೆಯುವುದಕ್ಕೆ

"ಸರ್, ಇದು ರಿಪೇರಿ ಆಗುವ ವಸ್ತುವಲ್ಲ. ಇಡೀ ಕಿಟಕಿಯನ್ನೇ ಬದಲಾಯಿಸಬೇಕು."

ಕಳೆದ ಜುಲೈನಲ್ಲಿ ದಾದರ್ ಹಿಂದೂ ಕಾಲೊನಿಯ ನಮ್ಮ ಮನೆಯ ಹಾಲಿನಲ್ಲಿ ನಿಂತು ಕಿಟಕಿ ಕಂಪನಿಯ ಹುಡುಗ ಹೇಳಿದ ಮಾತಿದು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹಾಗೆ ಹೇಳಲು ಕಲಿಸಿದ್ದಾರೆ. ಸಿಟ್ಟು ಬಂದದ್ದು ನನ್ನ ಮೇಲೆ. ಆರು ವರ್ಷದ ಹಿಂದೆ, ಎಪ್ಪತ್ತು ಎಂಬತ್ತು ಮಳೆಗಾಲ ಕಂಡಿದ್ದ ಸಾಗವಾನಿ ಕಿಟಕಿಗಳನ್ನು ಕೀಳಿಸಿ ಭಂಗಾರದವನಿಗೆ ಕೊಟ್ಟು, ಅದೇ ಜಾಗದಲ್ಲಿ ಜೋಡಿಗಾಜಿನ ಸ್ಲೈಡಿಂಗ್ ಕಿಟಕಿ ಹಾಕಿಸಿದವನು ನಾನೇ. ಐದು ಕಿಟಕಿಗಳಲ್ಲಿ ನಾಲ್ಕನ್ನು ಬದಲಿಸಿದೆ. ಅಡುಗೆಮನೆಯದೊಂದು ದುಡ್ಡು ಸಾಲದೆ ಉಳಿಯಿತು. ಮೂರು ಮಳೆಗಾಲ ಕಳೆಯುವುದರೊಳಗೆ ಹೊಸ ನಾಲ್ಕರಲ್ಲಿ ಎರಡಕ್ಕೆ ಗಾಜಿನ ನಡುವೆ ಮಂಜು ಕಟ್ಟಿತು. ಒಳಗಿನಿಂದ ಒರೆಸಿದರೂ ಹೋಗದು, ಹೊರಗಿನಿಂದ ಒರೆಸಿದರೂ ಹೋಗದು. ಉಳಿದುಹೋದ ಹಳೆಯದು ಇವತ್ತಿಗೂ ಕಿರ್ ಎನ್ನುತ್ತ ತೆರೆಯುತ್ತದೆ, ಕಿರ್ ಎನ್ನುತ್ತ ಮುಚ್ಚುತ್ತದೆ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಮುಂದಿನ ತಿಂಗಳು ನಮ್ಮ ಸೊಸೈಟಿಯ ಸಭೆಯಲ್ಲಿ ಒಂದು ಠರಾವು ಬರಲಿದೆ. ಕಟ್ಟಡದ ಹೊರಗೋಡೆಯ ರಿಪೇರಿಯ ಜೊತೆಗೆ ಹದಿನಾರು ಮನೆಗಳಿಗೂ ಒಂದೇ ಬಣ್ಣದ, ಒಂದೇ ತರದ ಜೋಡಿಗಾಜಿನ ಸ್ಲೈಡಿಂಗ್ ಕಿಟಕಿ ಹಾಕಿಸಬೇಕು, ಉಳಿದಿರುವ ಮರದ ಕಿಟಕಿಗಳನ್ನೆಲ್ಲ ತೆಗೆಸಬೇಕು ಎಂದು. ಕೆಳಮಹಡಿಯಲ್ಲಿ ಪಿಂಚಣಿಯಲ್ಲಿ ಬದುಕುವ ಹಿರಿಯರಿದ್ದಾರೆ. ತಮ್ಮ ಪಾಲಿನ ಹಣ ಎಲ್ಲಿಂದ ತರುವುದೆಂದು ಅವರು ಮೆಟ್ಟಿಲ ಬಳಿ ನನ್ನನ್ನು ಕೇಳಿದರು. ಠರಾವನ್ನು ಉತ್ಸಾಹದಿಂದ ಬೆಂಬಲಿಸುತ್ತಿರುವವರು ನನ್ನಂಥವರೇ: ಹೊರಗಿನಿಂದ ಬಂದು, ಐಟಿಯಲ್ಲೋ ಬ್ಯಾಂಕಿನಲ್ಲೋ ದುಡಿದು, ಸಾಲ ಮಾಡಿ ಮನೆ ಕೊಂಡವರು. ಅವರ ಜೊತೆ, ಅಂದರೆ ನಮ್ಮ ಜೊತೆಗೇ, ನನ್ನ ಜಗಳ.

ಮೊದಲು ಮಂಜಿನ ವಿಷಯ. ಜೋಡಿಗಾಜು ಎಂದರೆ ಎರಡು ಗಾಜು, ಅಂಚಿನಲ್ಲಿ ಸುತ್ತಲೂ ಒಂದು ಟೊಳ್ಳು ಪಟ್ಟಿ, ಪಟ್ಟಿಯೊಳಗೆ ತೇವ ಹೀರುವ ಸಣ್ಣ ಕಾಳು. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಅಂಟು, ಅದರ ಹೊರಗೆ ಸಿಲಿಕೋನ್ ಅಥವಾ ಪಾಲಿಸಲ್ಫೈಡ್ ಅಂಟು. ಈ ಅಂಟು ಬಿಟ್ಟಿತೆಂದರೆ ತೇವದ ಗಾಳಿ ಒಳಗೆ ಸೇರುತ್ತದೆ, ಕಾಳುಗಳು ಹೀರುವಷ್ಟು ಹೀರಿ ಸುಸ್ತಾಗುತ್ತವೆ, ಆಮೇಲೆ ಮಂಜು. ಎಸಿ ಹಾಕಿದಾಗ ಹೊರಗಾಜಿನ ಹೊರಮೈ ಮೇಲೆ ಹನಿ ಕಟ್ಟಿದರೆ ಅದು ದೋಷವಲ್ಲ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ನಡುವೆ ಕಟ್ಟಿದರೆ ಮಾತ್ರ ಅಂಟು ಹೋಗಿದೆ ಎಂದರ್ಥ.

ಅಂಟು ಏಕೆ ಹೋಯಿತು? ಕಂಪನಿಯ ಹುಡುಗ "ಸಮುದ್ರದ ಹವೆ ಸರ್" ಎಂದ. ಗ್ಯಾರಂಟಿ ಕಾಗದದಲ್ಲೂ ಸಮುದ್ರ ತೀರದ ವಾತಾವರಣಕ್ಕೆ ಹೊಣೆಯಿಲ್ಲ ಎಂದು ಸಣ್ಣ ಅಕ್ಷರದಲ್ಲಿದೆ. ಮುಂಬಯಿಯಲ್ಲಿ ಕಿಟಕಿ ಮಾರಿ ಸಮುದ್ರಕ್ಕೆ ಹೊಣೆಯಿಲ್ಲ ಎನ್ನುವುದು, ಆಗುಂಬೆಯಲ್ಲಿ ಕೊಡೆ ಮಾರಿ ಮಳೆಗೆ ಹೊಣೆಯಿಲ್ಲ ಎಂದ ಹಾಗೆ.

ನಿಜವಾದ ಕಾರಣ ತೋರಿಸಿದವನು ನಮ್ಮ ಗಲ್ಲಿಯ ಗಾಜಿನ ಮಿಸ್ತ್ರಿ. ಸ್ಲೈಡಿಂಗ್ ಕಿಟಕಿಯ ಕೆಳಚೌಕಟ್ಟಿನಲ್ಲಿ ಮಳೆನೀರು ಹೊರಹೋಗಲು ಸಣ್ಣ ಕಿಂಡಿಗಳಿರುತ್ತವೆ. ಕೂರಿಸಿದವರು ಹೊರಗಡೆ ಸಿಲಿಕೋನ್ ಬಳಿಯುವಾಗ ಅವನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದರು. ಗಾಜಿನ ಕೆಳಗೆ ಇಡಬೇಕಾದ ಪ್ಲಾಸ್ಟಿಕ್ ಬಿಲ್ಲೆಗಳು ಒಂದು ಕಡೆ ಇರಲೇ ಇಲ್ಲ. ಅಂದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಆ ಗಾಜಿನ ಅಂಚು ನೀರಿನಲ್ಲಿ ಕೂತಿತ್ತು. ಯಾವ ಅಂಟು ತಾಳೀತು? ಅವನು ಒಂದು ತಂತಿಯಿಂದ ಕಿಂಡಿ ಬಿಡಿಸಿದ. ಕಂದು ನೀರು ಸಜ್ಜಾದ ಮೇಲೆ ಸುರಿಯಿತು. ಆಮೇಲೆ ಚೌಕಟ್ಟನ್ನು ಬೆರಳಿನಿಂದ ತಟ್ಟಿ ಹೇಳಿದ: "ಸಾಬ್, ಕಾಂಚ್ ಬದಲೋ. ಖಿಡಕಿ ಕ್ಯೋಂ ಬದಲನಾ?"

ಇಷ್ಟೇ. ಚೌಕಟ್ಟು ಗಟ್ಟಿಯಿದ್ದರೆ ಮಂಜು ಕಟ್ಟಿದ ಜೋಡಿಗಾಜನ್ನು ಮಾತ್ರ ಅಳತೆ ಕೊಟ್ಟು ಮಾಡಿಸಿ ಅದೇ ಚೌಕಟ್ಟಿಗೆ ಕೂರಿಸಬಹುದು. ರಬ್ಬರ್ ಪಟ್ಟಿ ಗಟ್ಟಿಯಾಗಿ ಬಿರಿದಿದ್ದರೆ ಅದನ್ನು ಎಳೆದು ತೆಗೆದು ಹೊಸದು ಹಾಕಬಹುದು. ಉರುಳುಚಕ್ರ, ಹಿಡಿ, ಚಿಲಕ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಗಾಜಿಗೆ ತೂತು ಕೊರೆದು ಮಂಜು ಒಣಗಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದರಿಂದ ನೋಟ ತಿಳಿಯಾದೀತು, ಬಿಟ್ಟ ಅಂಟು ಮತ್ತೆ ಕೂಡುವುದಿಲ್ಲ. ಚೌಕಟ್ಟೇ ಸೊಟ್ಟಗಾಗಿದ್ದರೆ, ಮೂಲೆಯ ಬೆಸುಗೆ ಬಿಟ್ಟಿದ್ದರೆ, ಆಗ ಮಾತ್ರ ಇಡೀ ಕಿಟಕಿ ಬದಲಿಸುವ ಮಾತು. "ಬದಲಾಯಿಸಲೇಬೇಕು" ಎನ್ನುವವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಚೌಕಟ್ಟಿಗೆ ಏನಾಗಿದೆ, ತೋರಿಸು. ನಮ್ಮ ಹುಡುಗನಿಗೆ ತೋರಿಸಲು ಏನೂ ಇರಲಿಲ್ಲ.

ನನ್ನ ವೃತ್ತಿಯಲ್ಲಿ ಏನಾದರೂ ಕೆಟ್ಟರೆ ಮೂಲಕಾರಣ ಹುಡುಕದೆ ಇಡೀ ವ್ಯವಸ್ಥೆಯನ್ನು ಮತ್ತೆ ಬರೆಯೋಣ ಎನ್ನುವ ಎಂಜಿನಿಯರನ್ನು ನಾನು ಮೀಟಿಂಗಿನಲ್ಲೇ ತರಾಟೆಗೆ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಅದೇ ಮಾತನ್ನು ಕೇಳಿ ಚೆಕ್ ಪುಸ್ತಕ ಹುಡುಕಲು ಹೊರಟಿದ್ದೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಗ್ರಾಹಕರಿಗೆ ಸಲಹೆಯಾಗುತ್ತಿತ್ತು. ಆದರೆ ಹೊಸ ಗಾಜಿಗೆ ಅಳತೆ ಕೊಡುವ ಮುಂಚೆ ಆರು ವರ್ಷ ತಡವಾಗಿ ಇನ್ನೊಂದು ಪ್ರಶ್ನೆ ಕೇಳಿಕೊಂಡೆ. ನಾನು ಇದನ್ನು ಕೊಂಡದ್ದೇಕೆ? ಸದ್ದಿಗಾಗಿ. ಹಿಂದೂ ಕಾಲೊನಿಯ ಗಲ್ಲಿಗಳು ಮರಗಳಿಂದ ತಂಪಾಗಿದ್ದರೂ ಪಕ್ಕದಲ್ಲೇ ಡಾ. ಅಂಬೇಡ್ಕರ್ ರಸ್ತೆ. ಬಸ್ಸು, ಟೆಂಪೋ, ಹಾರನ್ನು, ಮೇಲೆ ಫ್ಲೈಓವರು. ಹಾಗಾದರೆ ಸದ್ದು ನಿಂತಿತೇ?

ಹಾರನ್ನಿನ ಚೂಪು ಕಡಿಮೆಯಾಯಿತು, ನಿಜ. ಬಸ್ಸಿನ ಗುಡುಗು, ಮೆರವಣಿಗೆಯ ಢೋಲು ಹಾಗೆಯೇ ಉಳಿದವು. ಇದಕ್ಕೆ ಕಾರಣ ಭೌತಶಾಸ್ತ್ರ. ನನ್ನ ಮನೆಗೆ ಬಂದದ್ದು 6 ಮಿ.ಮೀ. ಗಾಜು, 12 ಮಿ.ಮೀ. ಗಾಳಿ, ಮತ್ತೆ 6 ಮಿ.ಮೀ. ಗಾಜು. ಸಮ ದಪ್ಪದ ಎರಡು ಗಾಜುಗಳು ನಡುವಿನ ಗಾಳಿಯನ್ನು ಸ್ಪ್ರಿಂಗಿನಂತೆ ಮಾಡಿಕೊಂಡು ಸುಮಾರು 200 ಹರ್ಟ್ಸ್ ಹತ್ತಿರ ಒಟ್ಟಿಗೆ ಅನುರಣಿಸುತ್ತವೆ. ಬಸ್ಸಿನ ಎಂಜಿನು, ಡೋಲು ಇರುವುದೇ ಆ ಆಸುಪಾಸಿನಲ್ಲಿ. ಹೀಗಾಗಿ ಒಂಟಿ 6 ಮಿ.ಮೀ. ಗಾಜಿಗಿಂತ ಇಂಥ ಜೋಡಿಗಾಜು ಒಟ್ಟಾರೆ ತಡೆಯುವುದು ಎರಡು ಮೂರು ಡೆಸಿಬೆಲ್ ಹೆಚ್ಚು, ಅಷ್ಟೇ. ಸದ್ದು ತಡೆಯಬೇಕಾದರೆ ಎರಡು ಗಾಜಿನ ದಪ್ಪ ಬೇರೆ ಬೇರೆ ಇರಬೇಕು, ಒಂದಾದರೂ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜಾಗಿರಬೇಕು, ನಡುವಿನ ಅಂತರ ದೊಡ್ಡದಿರಬೇಕು. ಹಳೆಯ ಕಿಟಕಿಯನ್ನು ಹಾಗೇ ಬಿಟ್ಟು ಒಳಗಡೆ ನಾಲ್ಕು ಇಂಚು ಅಂತರದಲ್ಲಿ ಇನ್ನೊಂದು ಗಾಜಿನ ಕದ ಕೂರಿಸಿದರೆ ಇದಕ್ಕಿಂತ ಎಷ್ಟೋ ಮೇಲು. ಎಲ್ಲಕ್ಕಿಂತ ಮೊದಲು ಸಂದು ಮುಚ್ಚಬೇಕು. ಕಿಟಕಿಯ ನೂರರಲ್ಲಿ ಒಂದು ಭಾಗ ಸಂದಾಗಿ ಉಳಿದರೂ, ಗಾಜು ಎಷ್ಟೇ ದುಬಾರಿಯಾಗಿರಲಿ, ತಡೆ 20 ಡೆಸಿಬೆಲ್ ದಾಟುವುದಿಲ್ಲ. ಸ್ಲೈಡಿಂಗ್ ಕಿಟಕಿಯಲ್ಲಿ ಸಂದು ತಪ್ಪಿಸುವುದೇ ಕಷ್ಟ.

ಮಾರುವವರ ಇನ್ನೊಂದು ಮಾತು "ಎಸಿ ಬಿಲ್ ಇಳಿಯುತ್ತದೆ" ಎಂದು. ಲೆಕ್ಕ ಹಾಕೋಣ. ಒಂಟಿ ಗಾಜು ಒಂದು ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 5.7 ವಾಟ್ ಶಾಖ ಬಿಡುತ್ತದೆ. ಸಾಧಾರಣ ಜೋಡಿಗಾಜು 2.8. ಮುಂಬಯಿಯಲ್ಲಿ ಹೊರಗೆ 33, ಒಳಗೆ 25 ಎಂದಿಟ್ಟುಕೊಂಡರೆ ವ್ಯತ್ಯಾಸ 8 ಡಿಗ್ರಿ. ಉಳಿತಾಯ ಚದರ ಮೀಟರಿಗೆ 23 ವಾಟ್. ಅದೇ ಕಿಟಕಿಗೆ ಮಧ್ಯಾಹ್ನ ಪಶ್ಚಿಮದ ಬಿಸಿಲು ನೇರ ಬಿದ್ದು 500 ವಾಟ್ ತಂದರೆ, ತಿಳಿ ಜೋಡಿಗಾಜು ಅದರಲ್ಲಿ ಸುಮಾರು 350ನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಶತ್ರು ಬಿಸಿಲು. ಅದನ್ನು ತಡೆಯುವುದು ಹೊರಗಿನ ಸಜ್ಜಾ, ಪಟ್ಟಿಪಟ್ಟಿಯ ಕದ, ಮರ. ಜೋಡಿಗಾಜಿಗೆ 1865ರಲ್ಲೇ ಅಮೆರಿಕದಲ್ಲಿ ಥಾಮಸ್ ಸ್ಟೆಟ್ಸನ್ ಪೇಟೆಂಟ್ ಪಡೆದಿದ್ದ. ಹೊರಗೆ ಹಿಮ, ಒಳಗೆ ಬೆಂಕಿ ಇರುವ ಊರಿಗೆ ಅದು ಜಾಣ ಉಪಾಯ. ಅಲ್ಲಿ ವ್ಯತ್ಯಾಸ 8 ಅಲ್ಲ, 30 ಡಿಗ್ರಿ. ನಾವು ಸಜ್ಜಾ ಒಡೆಸಿ, ಪಟ್ಟಿಕದ ಕೀಳಿಸಿ, ಚಳಿದೇಶದ ಮದ್ದನ್ನು ಸೆಕೆದೇಶದ ರೋಗಕ್ಕೆ ಹಚ್ಚಿಕೊಂಡೆವು.

ಎಲ್ಲಕ್ಕಿಂತ ದೊಡ್ಡ ನಷ್ಟ ಗಾಳಿ. ಕುಂದಾಪುರದ ಕಡೆಯಿಂದ ಅಮ್ಮ ಬಂದಿದ್ದಾಗ ಮೊದಲ ರಾತ್ರಿಯೇ ಕೇಳಿದಳು: "ಈ ಕೋಣಿಗೆ ಗಾಳಿ ಎಲ್ಲಿಂದ ಬಪ್ದು ಮಗಾ?" ಎಸಿ ಇದೆಯಲ್ಲ ಎಂದೆ. ಗೋಡೆಗೆ ನೇತುಹಾಕುವ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ, ಇದ್ದ ಗಾಳಿಯನ್ನೇ ತಿರುತಿರುಗಿಸಿ ತಣ್ಣಗೆ ಮಾಡುತ್ತದೆ ಎಂದು ಎಂ.ಟೆಕ್. ಓದಿದ ನನಗೆ ಗೊತ್ತಿಲ್ಲವೆಂದಲ್ಲ, ಯೋಚಿಸಿರಲಿಲ್ಲ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಯಂತ್ರ ತಂದಿಟ್ಟೆ. ಮುಚ್ಚಿದ ಮಲಗುವ ಕೋಣೆಯಲ್ಲಿ ಇಬ್ಬರು ಮಲಗಿ ಎದ್ದ ಬೆಳಿಗ್ಗೆ ಅದು 2000 ದಾಟಿತ್ತು. ಕಿಟಕಿ ತೆರೆದು ಅರ್ಧ ಗಂಟೆಯಲ್ಲಿ 600ಕ್ಕೆ ಇಳಿಯಿತು. ಬೆಳಗಿನ ತಲೆಭಾರಕ್ಕೆ ನಾನು ಡೆಡ್‌ಲೈನುಗಳನ್ನು ಬಯ್ಯುತ್ತಿದ್ದೆ.

ದಾದರಿನಲ್ಲಿ ಕೂತು ಗಾಳಿಯ ವಿಷಯ ಮರೆಯುವುದಂತೂ ನಾಚಿಕೆಗೇಡು. ಈ ಬಡಾವಣೆ ಹುಟ್ಟಿದ್ದೇ ಗಾಳಿ ಬೆಳಕಿಗಾಗಿ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಗಾಳಿಯಾಡದ ಕತ್ತಲೆ ಚಾಳುಗಳೇ ಸಾವಿನ ಗೂಡು ಎಂದು ಆಳುವವರಿಗೆ ಕಂಡಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾಗಳ ಬಡಾವಣೆಗಳು ಆ ಟ್ರಸ್ಟಿನ ಯೋಜನೆಯ ಫಲ. ಟ್ರಸ್ಟಿನ ಅಧ್ಯಕ್ಷನಾಗಿದ್ದ ಜೆ.ಪಿ. ಆರ್ 1912ರಲ್ಲಿ ಮುಂಬಯಿಯ ಮನೆಗಳ ಗಾಳಿ ಬೆಳಕಿನ ಬಗ್ಗೆಯೇ ಉಪನ್ಯಾಸ ಮಾಡಿದ. ಅವರು ಹಿಡಿದ ಸೂತ್ರ ಅರವತ್ತಮೂರೂವರೆ ಡಿಗ್ರಿ: ಕೋಣೆಯ ಗೋಡೆಯ ಬುಡದಿಂದ ಎದುರು ಕಟ್ಟಡದ ನೆತ್ತಿಗೆ ಎಳೆದ ಗೆರೆ ಅದಕ್ಕಿಂತ ಕಡಿದಾಗಿರಬಾರದು. ಸರಳವಾಗಿ ಹೇಳುವುದಾದರೆ, ನಡುವಿನ ಬಯಲಿನ ಎರಡು ಪಟ್ಟಿಗಿಂತ ಎದುರಿನ ಗೋಡೆ ಎತ್ತರ ಇರಬಾರದು. ಬ್ರಿಟಿಷರ ಟ್ರಸ್ಟು ಬಡವರನ್ನು ಒಕ್ಕಲೆಬ್ಬಿಸಿದ ಕತೆಯೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕೋಣೆಗೆ ಗಾಳಿ ಬರಲೇಬೇಕು ಎಂದು ಅಳತೆಪಟ್ಟಿ ಹಿಡಿದು ಕಟ್ಟಿದ ಬಡಾವಣೆಯಲ್ಲಿ ನಾವು ದುಡ್ಡು ಕೊಟ್ಟು ಗಾಳಿ ನಿಲ್ಲಿಸುತ್ತಿದ್ದೇವೆ.

ಇದು ಹಳೆಯ ಕಾಲದ ನಂಬಿಕೆಯಲ್ಲ. 2007ರಲ್ಲಿ ರಾಡ್ ಎಸ್ಕೋಂಬ್ ಮತ್ತು ಸಂಗಡಿಗರು ಪೆರುವಿನ ಲಿಮಾದ ಆಸ್ಪತ್ರೆಗಳಲ್ಲಿ ಗಾಳಿಯಾಟ ಅಳೆದು ಪ್ರಕಟಿಸಿದರು. ಎತ್ತರದ ಸೂರು, ದೊಡ್ಡ ಕಿಟಕಿಗಳಿದ್ದ ಐವತ್ತು ವರ್ಷಕ್ಕೂ ಹಳೆಯ ಕೋಣೆಗಳಲ್ಲಿ ಕಿಟಕಿ ಬಾಗಿಲು ತೆರೆದಿಟ್ಟರೆ ಗಂಟೆಗೆ ಸುಮಾರು 40 ಸಲ ಗಾಳಿ ಬದಲಾಗುತ್ತಿತ್ತು. ಹೊಸ ಕೋಣೆಗಳಲ್ಲಿ 17 ಸಲ. ಕ್ಷಯ ಹರಡದಂತೆ ಕಾಯುವುದರಲ್ಲಿ ಹಳೆಯ ಕಿಟಕಿಗಳೇ ಮುಂದು. ನಮ್ಮದೇ ದೇಶದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತಾ, ಮುಂಬಯಿಯಂಥ ಸೆಕೆ ಮತ್ತು ತೇವದ ಊರುಗಳ ಮನೆಗಳಲ್ಲಿ ತೆರೆಯಬಹುದಾದ ಭಾಗ ನೆಲದ ಅಳತೆಯ ಶೇ. 16.66 ಇರಬೇಕು ಎನ್ನುತ್ತದೆ. ಆರರಲ್ಲಿ ಒಂದು ಪಾಲು. "ತೆರೆಯಬಹುದಾದ" ಎಂಬ ಮಾತನ್ನು ಗಮನಿಸಿ. ಎರಡು ಕದದ ಸ್ಲೈಡಿಂಗ್ ಕಿಟಕಿ ಪೂರ್ತಿ ತೆರೆದರೂ ಅರ್ಧವೇ ತೆರೆಯುತ್ತದೆ. ಕೀಲಿನ ಮೇಲೆ ತಿರುಗುವ ಮರದ ಕಿಟಕಿ ಪೂರ್ತಿ ತೆರೆಯುತ್ತದೆ. ನಮ್ಮ ಠರಾವು ಪಾಸಾದರೆ ಹದಿನಾರು ಮನೆಗಳ ಗಾಳಿಯಲ್ಲಿ ಅರ್ಧ ಒಂದೇ ಸಹಿಯಲ್ಲಿ ಹೋಗುತ್ತದೆ.

ಸ್ನೇಹಿತರ ಆಕ್ಷೇಪ ಗೊತ್ತಿದೆ. "ಹಾಗಾದರೆ ಹಾರನ್ನು ಕೇಳುತ್ತ ಕೂರಬೇಕೇ? ಧೂಳು ಕುಡಿಯಬೇಕೇ?" ಧೂಳಿನ ಮಾತು ನಿಜ. ಸುತ್ತ ಹಳೆಯ ಕಟ್ಟಡಗಳು ಉರುಳಿ ಹೊಸವು ಏಳುತ್ತಿವೆ. ಚಳಿಗಾಲದ ಕೆಲವು ದಿನ ಕಿಟಕಿ ಮುಚ್ಚಲೇಬೇಕು. ಹಸುಗೂಸು, ಆಸ್ತಮಾದವರು, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರು ಇರುವ ಮನೆಗೆ ಒಂದು ಗಟ್ಟಿ ಕೋಣೆ ಬೇಕು. ಅವರ ಮೇಲೆ ನನ್ನ ವಾದವಿಲ್ಲ. ಬೇಕಾದಾಗ ಮುಚ್ಚುವುದು ಬೇರೆ, ಮುಚ್ಚಿಯೇ ಇಡುವುದಕ್ಕಾಗಿ ಕಿಟಕಿ ಕೊಳ್ಳುವುದು ಬೇರೆ.

ಹಾರನ್ನಿಗೆ ಮಾತ್ರ ನನ್ನ ಉತ್ತರ ಬೇರೆ. ಸದ್ದು ನನ್ನ ಗೋಡೆಯ ದೋಷವಲ್ಲ, ರಸ್ತೆಯ ಅಪರಾಧ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ಕಾನೂನು ಇದೆ. ಅದಕ್ಕಾಗಿ ಹೋರಾಡಿದವರೂ ಇದ್ದಾರೆ. ಸುಮೈರಾ ಅಬ್ದುಲಾಲಿ ವರ್ಷಗಟ್ಟಲೆ ಮೀಟರು ಹಿಡಿದು ಮುಂಬಯಿಯ ಬೀದಿಗಳಲ್ಲಿ ಸದ್ದು ಅಳೆದು ನ್ಯಾಯಾಲಯಕ್ಕೆ ಹೋದರು. ಇದೇ ದಾದರಿನ ಶಿವಾಜಿ ಪಾರ್ಕನ್ನು ಬಾಂಬೆ ಹೈಕೋರ್ಟ್ 2010ರಲ್ಲಿ ಮೌನವಲಯವೆಂದು ಸಾರಿತು, ಯಾರೋ ನಿವಾಸಿಗಳು ಕೇಳಿದ್ದರಿಂದ. ಮುಂಬಯಿ ಟ್ರಾಫಿಕ್ ಪೊಲೀಸರು ಒಮ್ಮೆ ಕೆಲವು ಸಿಗ್ನಲ್‌ಗಳಿಗೆ ಡೆಸಿಬೆಲ್ ಮೀಟರು ಜೋಡಿಸಿದರು. ಹಾರನ್ನು 85 ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ! ಅವುಗಳಲ್ಲೊಂದು ನಮ್ಮ ಹಿಂದ್‌ಮಾತಾ ಸರ್ಕಲ್ಲಿನದು. ವಿಡಿಯೊ ನೋಡಿ ನಾನೂ ನಕ್ಕು ಹತ್ತು ಗುಂಪಿಗೆ ಫಾರ್ವರ್ಡ್ ಮಾಡಿದೆ. ಅದು ನಾಲ್ಕು ದಿನದ ಆಟವಾಗದೆ ಕಾಯಂ ಆಗಲಿ ಎಂದು ಒಂದು ಪತ್ರ ಬರೆದೆನೇ? ಇಲ್ಲ. ಅಷ್ಟರಲ್ಲಿ ನನ್ನ ಮನೆಗೆ ಜೋಡಿಗಾಜು ಬಂದಾಗಿತ್ತು.

ಇದೇ ನನ್ನ ಮುಖ್ಯ ತಕರಾರು. ಜೋಡಿಗಾಜು ಹಾಕಿಸಿಕೊಂಡವನು ದೂರು ಕೊಡುವುದಿಲ್ಲ. ನಲ್ಲಿ ನೀರು ಕೆಟ್ಟರೆ ಫಿಲ್ಟರ್ ಕೊಂಡೆವು, ನಲ್ಲಿಯ ಚಿಂತೆ ಬಿಟ್ಟೆವು. ಶಾಲೆ ಕೆಟ್ಟರೆ ದುಬಾರಿ ಶಾಲೆಗೆ ಹೋದೆವು, ಮುನಿಸಿಪಾಲಿಟಿ ಶಾಲೆಯ ಚಿಂತೆ ಬಿಟ್ಟೆವು. ಈಗ ಬೀದಿಯ ಸರದಿ. ಪತ್ರ ಬರೆಯಲು ಬಲ್ಲ, ಮಾಹಿತಿ ಹಕ್ಕಿನ ಅರ್ಜಿ ಹಾಕಬಲ್ಲ, ಪೊಲೀಸರಿಗೆ ಫೋನು ಮಾಡಿದರೆ "ಸರ್" ಎನ್ನಿಸಿಕೊಳ್ಳಬಲ್ಲ ಜನರೆಲ್ಲ ಗಾಜಿನ ಹಿಂದೆ ಸೇರಿಕೊಂಡರೆ ಬೀದಿಯ ಸದ್ದು ಯಾರ ಪಾಲು? ಕೆಳಮಹಡಿಯ ಹಿರಿಯರ ಪಾಲು, ಸ್ಟೇಷನ್ ಹೊರಗೆ ಹೂ ಮಾರುವವಳ ಪಾಲು, ಹಿಂದ್‌ಮಾತಾದಲ್ಲಿ ನಿಂತ ಟ್ರಾಫಿಕ್ ಪೇದೆಯ ಪಾಲು. ಊರು ಬಿಟ್ಟು ಬಂದ ನಮಗೆ ಇದು ಸುಲಭ. "ಇದು ನಮ್ಮ ಊರಲ್ಲವಲ್ಲ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಇಪ್ಪತ್ತು ವರ್ಷದಿಂದ ಇಲ್ಲೇ ಉಸಿರಾಡುತ್ತಿರುವವರಿಗೆ ಇದು ಊರಲ್ಲದೆ ಮತ್ತಿನ್ನೇನು?

ನಾನು ಕೊನೆಗೆ ಮಾಡಿದ್ದು ಇಷ್ಟು. ಮಲಗುವ ಕೋಣೆಯ ಮಂಜುಗಾಜನ್ನು ಮಾತ್ರ ತೆಗೆಸಿ, ಅದೇ ಚೌಕಟ್ಟಿಗೆ ಒಂದು ಕಡೆ ಲ್ಯಾಮಿನೇಟೆಡ್ ಇರುವ, ದಪ್ಪ ಬೇರೆ ಬೇರೆ ಇರುವ ಜೋಡಿಗಾಜು ಹಾಕಿಸಿದೆ. ಕಿಂಡಿಗಳನ್ನು ಬಿಡಿಸಿ, ಬಿಲ್ಲೆ ಇಡಿಸಿ, ರಬ್ಬರು ಬದಲಿಸಿದೆ. ಇಡೀ ಕಿಟಕಿಗೆ ಕಂಪನಿ ಕೇಳಿದ್ದಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯಿತು. ಹಾಲಿನ ಮಂಜುಕಿಟಕಿಯನ್ನು ತೆಗೆಸಿ, ಪೂರ್ತಿ ತೆರೆಯುವ ಮರದ ಕದ ಮಾಡಿಸಲು ಬಡಗಿಗೆ ಹೇಳಿದ್ದೇನೆ. ಅಳತೆಗೆ ಅವನು ಅಡುಗೆಮನೆಯ ಹಳೆಯ ಕಿಟಕಿಯನ್ನೇ ನೋಡಿಕೊಂಡು ಹೋದ. ಅದರ ಒಂದು ಕೀಲು ಸಡಿಲವಿತ್ತು. ಹೋಗುವಾಗ ನಾಲ್ಕು ತಿರುಪು ಬದಲಿಸಿ ಸರಿ ಮಾಡಿದ, ಅದಕ್ಕೆ ದುಡ್ಡೂ ಕೇಳಲಿಲ್ಲ.

ಸಭೆಯಲ್ಲಿ ನಾನು ಠರಾವಿನ ವಿರುದ್ಧ ಕೈ ಎತ್ತುತ್ತೇನೆ. ಬದಲಿಗೆ ಎರಡು ಠರಾವು ಬರೆದುಕೊಂಡು ಹೋಗುತ್ತೇನೆ. ಒಂದು: ಹೊರಗೋಡೆಯ ರಿಪೇರಿಯ ಜೊತೆಗೆ ಮರದ ಕಿಟಕಿಗಳನ್ನು ತೆಗೆಯದೆ ಬಡಗಿಯಿಂದ ದುರಸ್ತಿ ಮಾಡಿಸುವುದು, ಸಜ್ಜಾಗಳನ್ನು ಉಳಿಸುವುದು. ಎರಡು: ಅಂಬೇಡ್ಕರ್ ರಸ್ತೆಯ ಹಾರನ್ನಿನ ಬಗ್ಗೆ ಹದಿನಾರು ಮನೆಗಳ ಸಹಿ ಹಾಕಿ ಟ್ರಾಫಿಕ್ ಪೊಲೀಸರಿಗೆ ಪತ್ರ. ಸೋಲಬಹುದು. ನಿಮ್ಮ ಸೊಸೈಟಿಯಲ್ಲೂ, ಮುಲುಂಡಿನಲ್ಲಿರಲಿ, ಡೊಂಬಿವಿಲಿಯಲ್ಲಿರಲಿ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರಲಿ, ಇಂಥದೊಂದು ಕಾಗದ ಬಂದರೆ ಸಹಿ ಮಾಡುವ ಮುನ್ನ ಎದ್ದು ಹೋಗಿ ನಿಮ್ಮ ಕಿಟಕಿಯನ್ನು ಒಮ್ಮೆ ಪೂರ್ತಿ ತೆರೆದು ನೋಡಿ. ಪೂರ್ತಿ ತೆರೆಯದಿದ್ದರೆ ಸಹಿ ಮಾಡಬೇಡಿ.